ಒಂದು ಕಡತ, ನೂರು ಕೈ

ಶಾಲೆಯ ವೇಳಾಪಟ್ಟಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿದೆ ಎನ್ನಿ. ಪ್ರತಿ ತರಗತಿಯವರೂ ಅದನ್ನು ನಕಲು ಮಾಡಿಕೊಂಡಿದ್ದಾರೆ. ಆದರೂ ಗಂಟೆ ಬಾರಿಸಿದಾಗಲೆಲ್ಲ ತರಗತಿಗೊಬ್ಬ ಹುಡುಗ ಬಂದು, "ಸಾರ್, ಪಟ್ಟಿ ಬದಲಾಗಿದೆಯೆ?" ಎಂದು ಕೇಳುತ್ತಾನೆ. ಹತ್ತು ತರಗತಿಗಳಾದರೆ ಹೇಗೋ ಸಹಿಸಬಹುದು. ನೂರಾದರೆ ಮುಖ್ಯೋಪಾಧ್ಯಾಯರಿಗೆ ಉತ್ತರ ಹೇಳುವುದೇ ಉದ್ಯೋಗವಾದೀತು.

ನೂರಾರು ಗಣಕಯಂತ್ರಗಳು ಒಂದೆಡೆ ಇರಿಸಿದ ಕಡತಗಳನ್ನು ಬಳಸತೊಡಗಿದಾಗ ಒದಗುವ ತೊಡಕೂ ಇಂಥದೇ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯ ಸಹಕಾರದಿಂದ 'ಆಂಡ್ರ್ಯೂ' ಎಂಬ ಕಡತವ್ಯವಸ್ಥೆಯನ್ನು ಕಟ್ಟಿದರು. ಕಡತಗಳನ್ನು ಕಾಪಾಡುವ ದೊಡ್ಡ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಬಳಸುವವನು ಕಡತವನ್ನು ತೆರೆದೊಡನೆ ಇಡೀ ಕಡತದ ನಕಲು ಸರ್ವರ್‌ನಿಂದ ಅವನ ಯಂತ್ರಕ್ಕೇ ಬಂದು ನಿಲ್ಲುತ್ತಿತ್ತು. ಮುಂದೆ ಓದುವುದೂ ಬರೆಯುವುದೂ ಅಲ್ಲಿಯೇ.

ಆದರೂ ಮೊದಲ ಮಾದರಿಯಲ್ಲಿ ಒಂದು ಸರ್ವರ್ ಸುಮಾರು 20 ಮಂದಿಗೇ ಬಳಲುತ್ತಿತ್ತು. ಕಾರಣವೇನೆಂದು ಎಣಿಸಿ ನೋಡಿದರು. ಬಂದ ಕರೆಗಳಲ್ಲಿ ನೂರಕ್ಕೆ 61ಕ್ಕಿಂತ ಹೆಚ್ಚು, "ನನ್ನಲ್ಲಿರುವ ನಕಲು ಈಗಲೂ ಸರಿಯೆ?" ಎಂಬ ವಿಚಾರಣೆಗಳು! ಕಡತವನ್ನು ತರಿಸಿಕೊಳ್ಳುವ ಕರೆಗಳಾದರೋ ನೂರಕ್ಕೆ ಸುಮಾರು 4 ಮಾತ್ರ.

ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ಮಹದೇವ ಸತ್ಯನಾರಾಯಣನ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರವನ್ನು ವಿವರಿಸಿದ್ದಾರೆ. ಇನ್ನು ಮೇಲೆ ಕೇಳುವ ಹೊಣೆ ಹುಡುಗನದಲ್ಲ. ಹೇಳಿಕಳುಹಿಸುವ ಹೊಣೆ ಮುಖ್ಯೋಪಾಧ್ಯಾಯರದು. ನಕಲು ಕೊಡುವಾಗಲೇ ಸರ್ವರ್, "ಬದಲಾದರೆ ನಾನೇ ತಿಳಿಸುತ್ತೇನೆ" ಎಂದು ಮಾತು ಕೊಡುತ್ತದೆ. ಸುದ್ದಿ ಬಾರದವರೆಗೆ ನಕಲು ಸರಿಯೆಂದೇ ನಂಬಬಹುದು. ಈ ತಿದ್ದುಪಾಟಿನಿಂದಲೂ ಜೊತೆಗೆ ಮಾಡಿದ ಬೇರೆ ಸುಧಾರಣೆಗಳಿಂದಲೂ ಒಂದು ಸರ್ವರ್ ಸುಮಾರು 50 ಮಂದಿಯನ್ನು ನಿಭಾಯಿಸುವಂತಾಯಿತು.

ಆದರೆ ಕೊಟ್ಟ ಮಾತಿಗೂ ಬೆಲೆಯುಂಟು. ಯಾರು ಯಾರಿಗೆ ಮಾತು ಕೊಟ್ಟಿದ್ದೇನೆಂಬುದನ್ನು ಸರ್ವರ್ ನೆನಪಿಡಬೇಕು. ಅದು ಕೆಟ್ಟು ಮತ್ತೆ ಚಾಲೂ ಆದರೆ ಆ ಪಟ್ಟಿ ಅಳಿಸಿಹೋಗಿರುತ್ತದೆ. ಆಗ ನಕಲುಗಳನ್ನು ಕಣ್ಣು ಮುಚ್ಚಿ ನಂಬದೆ ಮತ್ತೊಮ್ಮೆ ಕೇಳಿಯೇ ತೀರಬೇಕು. ಇಲ್ಲವಾದರೆ ಹಳೆಯ ಪಟ್ಟಿಯನ್ನು ಹಿಡಿದು ಗಣಿತದ ಪಾಠಕ್ಕೆ ಚರಿತ್ರೆಯ ಪುಸ್ತಕ ತಂದಂತಾದೀತು. ಇನ್ನೊಂದು ಎಚ್ಚರಿಕೆಯ ಮಾತು: ಒಂದೇ ಕಡತವನ್ನು ಇಬ್ಬರು ಏಕಕಾಲದಲ್ಲಿ ತಿದ್ದಿದರೆ, ಕೊನೆಗೆ ಮುಚ್ಚಿದವನ ಪ್ರತಿಯೇ ಉಳಿಯುತ್ತದೆ, ಮೊದಲಿನವನ ಶ್ರಮ ವ್ಯರ್ಥ.

ಕೆಲಸ ಹೆಚ್ಚಿದಾಗ ದೊಡ್ಡ ಯಂತ್ರವನ್ನು ಕೊಳ್ಳೋಣವೆಂದು ಹೊರಡುವುದು ಸಹಜ. ಅದಕ್ಕೂ ಮೊದಲು, ಅದನ್ನು ದಣಿಸುತ್ತಿರುವುದು ನಿಜವಾದ ಕೆಲಸವೋ ಬರಿಯ ವಿಚಾರಣೆಯೋ ಎಂದು ಎಣಿಸಿ ನೋಡುವುದು ಲೇಸು.