ಬರಿಗಾಲಿನ ಓಟ, ಸೊಪ್ಪಿನ ಕಿರೀಟ

ಗ್ರೀಸ್ ದೇಶದ ಪ್ರಾಚೀನ ಕ್ರೀಡೋತ್ಸವವೆಂದೊಡನೆ ಒಲಿಂಪಿಕ್ಸ್ ಒಂದೇ ನೆನಪಿಗೆ ಬರುವುದು ಸಹಜ. ಆದರೆ ಇಡೀ ಗ್ರೀಕ್ ಜನಾಂಗವೇ ನೆರೆಯುತ್ತಿದ್ದ ಅಂಥ ಉತ್ಸವಗಳು ಆಗ ನಾಲ್ಕಿದ್ದವು. ಅವುಗಳಲ್ಲೊಂದು ಪೆಲೊಪೊನೀಸ್ ಪ್ರಾಂತದ ನೆಮಿಯಾ ಎಂಬ ಕಣಿವೆಯಲ್ಲಿ ಎರಡು ವರ್ಷಕ್ಕೊಮ್ಮೆ ಜರುಗುತ್ತಿತ್ತು.

ಅದರ ಹುಟ್ಟಿನ ಕಥೆ ಕರುಣಾಜನಕವಾದುದು. ನಡೆಯಲು ಕಲಿಯುವವರೆಗೆ ಮಗುವನ್ನು ನೆಲಕ್ಕೆ ಸೋಕಿಸಕೂಡದೆಂದು ಅಲ್ಲಿಯ ಅರಸನಿಗೆ ದೈವವಾಣಿಯಾಗಿತ್ತಂತೆ. ದಾರಿಯಲ್ಲಿ ಬಂದ ಸೇನಾನಿಗಳಿಗೆ ನೀರಿನ ತಾವು ತೋರಿಸಲೆಂದು ದಾದಿಯು ಶಿಶು ಒಫೆಲ್ಟಿಸನನ್ನು ಕಾಡು ಸೆಲರಿ ಸೊಪ್ಪಿನ ಮೇಲೆ ಮಲಗಿಸಿ ಹೋದಳು. ಅಷ್ಟರಲ್ಲಿ ಹಾವು ಕಚ್ಚಿತು. ಆ ಮಗುವಿನ ಸ್ಮರಣಾರ್ಥವೇ ಪಂದ್ಯಗಳು ಏರ್ಪಟ್ಟವೆಂಬುದು ಪುರಾಣ. ತೀರ್ಪುಗಾರರು ಶೋಕಸೂಚಕವಾದ ಕಪ್ಪು ವಸ್ತ್ರ ಧರಿಸುತ್ತಿದ್ದರು. ಗೆದ್ದವನಿಗೆ ಅದೇ ಸೆಲರಿ ಸೊಪ್ಪಿನ ಕಿರೀಟ. ಇತಿಹಾಸದ ಲೆಕ್ಕದಲ್ಲಿ ಉತ್ಸವದ ಆರಂಭ ಕ್ರಿ. ಪೂ. 573. ಮುಂದೆ ಅದು ಆರ್ಗಾಸ್ ನಗರದ ಪಾಲಾಯಿತು. ನೆಮಿಯಾದ ಕ್ರೀಡಾಂಗಣ ಮಣ್ಣಿನಲ್ಲಿ ಹುದುಗಿತು.

ಅದನ್ನು ಹೊರತೆಗೆದ ಕೀರ್ತಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸ್ಟೀಫನ್ ಮಿಲ್ಲರ್ ಅವರದು. 1970ರ ದಶಕದಲ್ಲಿ ಅವರು ಕೈಗೊಂಡ ಉತ್ಖನನದಿಂದ, ಓಟಗಾರರು ಕಾಲ್ಬೆರಳೂರಲು ಗೀರು ಕೊರೆದ ಕಲ್ಲಿನ ಸಾಲು ಬೆಳಕು ಕಂಡಿತು. ಕ್ರೀಡಾಂಗಣವನ್ನು ಪ್ರವೇಶಿಸುವ, ಸುಮಾರು 36 ಮೀಟರು ಉದ್ದದ ಕಮಾನಿನ ಸುರಂಗವೂ ದೊರೆಯಿತು. ಸರದಿಗಾಗಿ ಕಾದು ನಿಂತ ಹುಡುಗರ ಕೈ ಸುಮ್ಮನಿರುವುದುಂಟೆ? ಸುರಂಗದ ಗೋಡೆಯ ಮೇಲೆ ಒಬ್ಬನು ಅಕ್ರೊಟಾಟಸ್ ಚೆಲುವನೆಂದು ಗೀಚಿದ್ದಾನೆ. ಅದು ಬರೆದವನ ಕಣ್ಣಿಗೆ ಮಾತ್ರ ಎಂದು ಮತ್ತೊಬ್ಬನು ಪಕ್ಕದಲ್ಲೇ ಕುಟುಕಿದ್ದಾನೆ!

1994ರ ಕೊನೆಯಲ್ಲಿ, ಆ ಊರಿನ ಜನರೂ ಮಿಲ್ಲರ್ ಅವರೂ ಕೂಡಿ ಪುನರುಜ್ಜೀವನಕ್ಕಾಗಿ ಒಂದು ಸಂಘ ಕಟ್ಟಿದರು. ಒಲಿಂಪಿಕ್ಸ್ ಸಾಮಾನ್ಯರ ಕೈಗೆಟುಕದಷ್ಟು ದೂರ ಸರಿದಿದೆ, ಯಾರು ಬೇಕಾದರೂ ಓಡಬಲ್ಲ ಉತ್ಸವವೊಂದು ಬೇಕು ಎಂಬುದು ಅವರ ಆಶಯ. 1996ರ ಜೂನ್ 1ರಂದು ಮೊದಲ ಪಂದ್ಯಗಳು ನಡೆದವು. ಅದೇ ಬೇಸಿಗೆಯಲ್ಲಿ ಅಮೆರಿಕದ ಅಟ್ಲಾಂಟಾ ನಗರದಲ್ಲಿ ಕೋಟಿಗಟ್ಟಲೆ ಡಾಲರುಗಳ ಒಲಿಂಪಿಕ್ಸ್ ಜರುಗಿತು. ನೆಮಿಯಾದಲ್ಲಾದರೋ ಜಾಹೀರಾತಿನ ಫಲಕವಿಲ್ಲ, ಚಿನ್ನದ ಪದಕವಿಲ್ಲ, ದಾಖಲೆಗಳ ಗೊಡವೆಯೂ ಇಲ್ಲ.

ಶಾಲಾ ಬಾಲಕರಿಂದ ಹಿಡಿದು ಅಜ್ಜಂದಿರವರೆಗೆ ಎಲ್ಲರೂ ವಯಸ್ಸಿಗೆ ತಕ್ಕ ತಂಡಗಳಲ್ಲಿ ನಿಲ್ಲುತ್ತಾರೆ. ಬಿಳಿಯ ನಿಲುವಂಗಿ ತೊಟ್ಟು, ನ್ಯಾಯವಾಗಿ ಆಡುವೆವೆಂದು ಪ್ರಮಾಣ ಮಾಡಿ, ಸುರಂಗದ ತಂಪು ಕತ್ತಲೆಯಿಂದ ಬಿಸಿಲಿಗೆ ಬರಿಗಾಲಲ್ಲಿ ಹೊರಬರುತ್ತಾರೆ. ಶಿರಸ್ತ್ರಾಣದಲ್ಲಿ ಕೈಯಿಟ್ಟು ಚೀಟಿಯೆತ್ತಿದಂತೆ ಓಡುವ ಜಾಗ. ಅಪ್ಪಣೆಗೆ ಮುಂಚೆ ಹೆಜ್ಜೆ ಕಿತ್ತವನ ಬೆನ್ನಿಗೆ ಕಪ್ಪು ಬಟ್ಟೆಯ ತೀರ್ಪುಗಾರನ ಬೆತ್ತ ಕಾದಿರುತ್ತದೆ.

ಹಳೆಯದೆಲ್ಲವನ್ನೂ ಇವರು ಉಳಿಸಿಕೊಂಡಿಲ್ಲ. ಅದು ಒಳ್ಳೆಯದೇ ಆಯಿತು. ಪ್ರಾಚೀನರು ವಿವಸ್ತ್ರರಾಗಿ ಓಡುತ್ತಿದ್ದರು. ಇಂದಿನ ಕಣದಲ್ಲಿ ಅಜ್ಜಿಯರೂ ಮೊಮ್ಮಕ್ಕಳೂ ಅದೇ ಕಲ್ಲಿನ ಗೀರಿಗೆ ಬೆರಳೂರಿ ನಿಲ್ಲುತ್ತಾರೆ.

ಮಿಲ್ಲರ್ 2021ರಲ್ಲಿ ತೀರಿಕೊಂಡರು. ಕಿರು ಓಟಗಳಲ್ಲದೆ, ಕ್ಲಿಯೊನೆ ಎಂಬಲ್ಲಿಯ ಹೆರಾಕ್ಲಿಸನ ಹಾಳು ಗುಡಿಯಿಂದ ಹೊರಟು ಏಳೂವರೆ ಕಿಲೋಮೀಟರು ಓಡಿ ಕ್ರೀಡಾಂಗಣ ಸೇರುವ ಪಂದ್ಯವೂ ಈ ಉತ್ಸವದಲ್ಲುಂಟು. ಅದರಲ್ಲಿ ಗೆದ್ದವರಿಗೂ ಸಲ್ಲುವುದು ಸೊಪ್ಪಿನ ಕಿರೀಟವೇ. ಸಂಜೆಯ ಹೊತ್ತಿಗೆ ಅದು ಬಾಡಿರುತ್ತದೆ.