ಗಾಡಿ ಕೀ ಮತ್ತು ಮೂಗಿನ ತುದಿಯ ಸಿಟ್ಟು

ಬೆಳಿಗ್ಗೆ ಎಂಟೂವರೆ. ಗಾಡಿ ಕೀ ಸಿಗುತ್ತಿಲ್ಲ. "ನಿನ್ನೇನೂ ಹೀಗೇ ಹುಡುಕ್ತಿದ್ದೆ" ಎಂದರು ಅಡುಗೆಮನೆಯಿಂದ ಅಮ್ಮ. ಅಷ್ಟಕ್ಕೇ ಮೂವತ್ತು ದಾಟಿದ ಮಗ ಬ್ಯಾಗನ್ನು ಸೋಫಾ ಮೇಲೆ ಬಿಸಾಡಿ ಕಿರುಚಿದ. ಕೀ ನಿನ್ನೆಯ ಪ್ಯಾಂಟಿನ ಜೇಬಿನಲ್ಲಿತ್ತು. ಹತ್ತು ನಿಮಿಷ ಕಳೆದು ಸಿಗ್ನಲ್‌ನಲ್ಲಿ ನಿಂತಾಗ ಅವನಿಗೆ ಅಳು ಬಂತು. ಮನೆಯಲ್ಲಿ ಅಷ್ಟರೊಳಗೆ ತೀರ್ಪು ಆಗಿಹೋಗಿತ್ತು: ಮುದ್ದು ಮಾಡಿ ಬೆಳೆಸಿದ್ದು, ಕೊಬ್ಬು.

ಕೊಬ್ಬು ಅನ್ನುವುದೇ ಮೊದಲ ತಪ್ಪು ಕಲ್ಪನೆ. ಅವನಿಗಿರುವುದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಎಡಿಎಚ್‌ಡಿ ಇರುವವರಲ್ಲಿ ತಡವಾಗಿ ಹಿಡಿಯುವ ಬ್ರೇಕು ಗಮನದ್ದು ಮಾತ್ರವಲ್ಲ, ಎಷ್ಟೋ ಜನರಲ್ಲಿ ಭಾವನೆಯದೂ ಹೌದು. 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇಂಥ ಮಕ್ಕಳ ಉದ್ವೇಗವನ್ನು ಗುರುತಿಸಿದ್ದರು. ಆದರೆ ಮನೋವೈದ್ಯರು ರೋಗ ಗುರುತಿಸಲು ಬಳಸುವ, 2013ರ ಡಿಎಸ್‌ಎಂ-5 ಕೈಪಿಡಿ ಸಿಡುಕನ್ನು ಮುಖ್ಯ ಲಕ್ಷಣಗಳ ಪಟ್ಟಿಗೆ ಸೇರಿಸಲಿಲ್ಲ, ಜೊತೆಗಿರಬಹುದಾದದ್ದು ಎಂದಷ್ಟೇ ಬರೆಯಿತು. ಹಾಗಂತ ಸಿಡುಕುವವರಿಗೆಲ್ಲ ಎಡಿಎಚ್‌ಡಿ ಅನ್ನುವ ಈಗಿನ ರೀಲ್ಸ್ ಪಾಂಡಿತ್ಯವನ್ನೂ ನಂಬಬೇಡಿ.

ದಿಂಬಿಗೆ ಗುದ್ದಿದರೆ ಸಿಟ್ಟು ಇಳಿಯುತ್ತದೆಯೇ? ಏರುತ್ತದೆ. 2002ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ ಅವರ ಪ್ರಯೋಗದಲ್ಲಿ, ಸಿಟ್ಟು ತರಿಸಿದವನನ್ನು ನೆನೆಯುತ್ತ ಪಂಚಿಂಗ್ ಬ್ಯಾಗ್ ಗುದ್ದಿದ ವಿದ್ಯಾರ್ಥಿಗಳು, ಸುಮ್ಮನೆ ಕೂತವರಿಗಿಂತ ಹೆಚ್ಚು ಕುದಿಯುತ್ತಿದ್ದರು. ಅದು ಸಾಮಾನ್ಯ ವಿದ್ಯಾರ್ಥಿಗಳ ಮಾತು, ಬ್ರೇಕು ಸಡಿಲ ಇರುವವರ ಪಾಡು ಕೇಳಬೇಕೆ!

ಮಾತ್ರೆ ಎಲ್ಲ ಸರಿಮಾಡುತ್ತದೆ ಎಂಬುದೂ ಅರ್ಧ ಸತ್ಯ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಹಲವರ ಸಿಡುಕನ್ನೂ ತಗ್ಗಿಸುತ್ತದೆ, ಗಮನಕ್ಕೆ ನೆರವಾಗುವಷ್ಟಲ್ಲ. ಸಂಜೆ ಅದರ ಪ್ರಭಾವ ಇಳಿಯುವಾಗ ಕೆಲವರಿಗೆ ಸಿಡುಕು ಹೆಚ್ಚುವುದುಂಟು. ಅದನ್ನು ವೈದ್ಯರಿಗೆ ಹೇಳಬೇಕು.

ಇನ್ನು "ಹತ್ತು ಎಣಿಸು" ಅನ್ನುವ ಉಪದೇಶ. ಎಣಿಸಬೇಕೆಂದು ನೆನಪಾಗುವುದಕ್ಕೂ ಆ ಬ್ರೇಕೇ ಬೇಕಲ್ಲ! ಆದ್ದರಿಂದ ಕೆಲಸ ನಡೆಯಬೇಕಾದ್ದು ಸಿಟ್ಟಿಗೆ ಮುಂಚೆ. ನಿದ್ದೆಗೆಟ್ಟ, ತಿಂಡಿ ಬಿಟ್ಟ ದಿನಗಳನ್ನು ಗುರುತಿಟ್ಟುಕೊಳ್ಳಬೇಕು. ತಣ್ಣಗಿರುವಾಗಲೇ ಮನೆಯವರೊಡನೆ ಒಪ್ಪಂದವಾಗಬೇಕು: "ಐದು ನಿಮಿಷ ಬಿಡಮ್ಮ" ಎಂದು ಮಗ ಮಹಡಿಗೆ ಹೋದರೆ ಯಾರೂ ಬುದ್ಧಿ ಹೇಳುತ್ತ ಬೆನ್ನು ಹತ್ತಬಾರದು. ಅವನೂ ವಾಪಸು ಬಂದು ಮಾತು ಮುಗಿಸಬೇಕು. ಕಾರಣ ಮಿದುಳಿನದೇ ಇರಲಿ, ಕಿರುಚಾಟ ಕೇಳಿಸಿಕೊಂಡದ್ದು ಅಮ್ಮ ತಾನೆ.

ಆ ಸಂಜೆ ಅವನು ಕ್ಷಮೆ ಕೇಳಿ, ಬಾಗಿಲ ಪಕ್ಕ ಕೀ ತೂಗುಹಾಕಲು ಮೊಳೆ ಹೊಡೆಯತೊಡಗಿದ. "ಎರಡು ಹೊಡಿಯೋ" ಎಂದರು ಅಮ್ಮ, "ಬೀರು ಕೀ ನಂಗೂ ಸಿಗಲ್ಲ."