ಪಟ್ಟಿಯಲ್ಲಿ ಬಿಟ್ಟ ಹೆಸರು, ಸಾವನದುರ್ಗಕ್ಕೆ ಬಂದ ತೋಪು

ಮಾಗಡಿಯ ಸಾವನದುರ್ಗಕ್ಕೆ ಹೋದವರು ಬೆಟ್ಟದ ಬುಡದಲ್ಲಿ ವೀರಭದ್ರನಿಗೂ ನರಸಿಂಹನಿಗೂ ಕೈಮುಗಿದು, ಕರಿಗುಡ್ಡ ಹತ್ತಿ ಇಳಿದು ಬರುತ್ತಾರೆ. ಹತ್ತುವ ದಾರಿಯಲ್ಲಿ ಸಿಗುವ ಕೋಟೆಗೋಡೆಗಳ ಕಥೆ ಕೇಳುವವರು ಕಡಿಮೆ. ಮಾಗಡಿ ಕೆಂಪೇಗೌಡರ ವಂಶದ ಕೊನೆಯ ಆಸರೆಯಾಗಿದ್ದ ಈ ದುರ್ಗ 1728ರಲ್ಲಿ ಮೈಸೂರಿನ ದಳವಾಯಿಗೆ ಸೇರಿತು. 1791ರ ಡಿಸೆಂಬರ್ 21ರಂದು ಲಾರ್ಡ್ ಕಾರ್ನ್‌ವಾಲಿಸನ ಪಡೆ ಅದನ್ನು ಟಿಪ್ಪು ಸುಲ್ತಾನನಿಂದ ಕಿತ್ತುಕೊಂಡಿತು. ಯಾರೂ ಹತ್ತಲಾರರೆಂದು ನಂಬಿದ್ದ ಬೆಟ್ಟ ಮುತ್ತಿಗೆ ಹಾಕಿದ ಎರಡು ವಾರದೊಳಗೆ ಬಿತ್ತು. ಓಡುವ ಭರದಲ್ಲಿ ಕಮರಿಗೆ ಬಿದ್ದು ಸತ್ತ ಸಿಪಾಯಿಗಳೂ ಇದ್ದರು. ಅದರ ಬೆನ್ನಲ್ಲೇ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಹೋದವು. ಈ ರಾಮಗಿರಿಯೇ ಇಂದು ‘ಶೋಲೆ’ ಸಿನಿಮಾದಿಂದ ದೇಶಕ್ಕೆಲ್ಲ ಪರಿಚಿತವಾದ ರಾಮದೇವರ ಬೆಟ್ಟ.

ಮುತ್ತಿಗೆಯ ತೋಪುಗಳು ಮಾಗಡಿ ಕಾಡಿನವರೆಗೆ ಬಂದದ್ದು ಹೇಗೆ? ಸುಲ್ತಾನನ ಹಟ, ಈಸ್ಟ್ ಇಂಡಿಯಾ ಕಂಪನಿಯ ದುರಾಸೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಎರಡೂ ನಿಜವೇ. ಆದರೆ ಕಾಗದಗಳನ್ನು ಕ್ರಮವಾಗಿ ನೋಡುತ್ತ ಹೋದರೆ ಈ ಯುದ್ಧ ತಪ್ಪಬಹುದಾಗಿದ್ದ ಗಳಿಗೆಗಳು ಒಂದಾದ ಮೇಲೊಂದು ಎದುರಾಗುತ್ತವೆ. ಪ್ರತಿ ಗಳಿಗೆಯಲ್ಲೂ ಯಾರೋ ಒಬ್ಬರು ಮಾತನ್ನು ಯುದ್ಧದ ಸಿದ್ಧತೆಗೆ ಸಮಯ ಗಳಿಸುವ ಉಪಾಯವಾಗಿ ಮಾತ್ರ ಬಳಸಿದರು.

ಮೊದಲ ಕಾಗದ 1789ರ ಜುಲೈನದು. ಕಲ್ಕತ್ತೆಯಿಂದ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹೈದರಾಬಾದಿನ ನಿಜಾಮನಿಗೆ ಬರೆದದ್ದು. ಇಂಗ್ಲೆಂಡಿನ ಪಾರ್ಲಿಮೆಂಟು 1784ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ ಗವರ್ನರ್ ಜನರಲ್ ತಾನಾಗಿ ಯುದ್ಧ ಹೂಡುವಂತಿರಲಿಲ್ಲ, ಯುದ್ಧಕ್ಕೆ ಎಳೆಯುವ ಹೊಸ ಒಪ್ಪಂದಕ್ಕೆ ಸಹಿ ಹಾಕುವಂತೆಯೂ ಇರಲಿಲ್ಲ. ಹಾಗಾಗಿ ಅವನು ಒಪ್ಪಂದದ ಬದಲು ಪತ್ರ ಬರೆದ, ಒಪ್ಪಂದಕ್ಕಿರುವಷ್ಟೇ ಬೆಲೆ ಇದಕ್ಕೂ ಇದೆಯೆಂದು ಅದರಲ್ಲೇ ಭರವಸೆ ಕೊಟ್ಟ. ನಿಜಾಮ ಕೇಳಿದಾಗ ಕಂಪನಿಯ ಸೈನ್ಯ ಒದಗುತ್ತದೆ, ಆದರೆ ಕಂಪನಿಯ ಸ್ನೇಹಿತರ ಮೇಲೆ ಅದನ್ನು ಬಳಸಬಾರದು. ಸ್ನೇಹಿತರು ಯಾರು ಎಂಬುದಕ್ಕೆ ಒಂದು ಪಟ್ಟಿ. ಪೇಶ್ವೆ, ಸಿಂಧ್ಯ, ಭೋಂಸ್ಲೆ ಮೊದಲಾದವರೆಲ್ಲ ಅದರಲ್ಲಿದ್ದರು. ಐದು ವರ್ಷದ ಹಿಂದೆ, 1784ರಲ್ಲಿ, ಮಂಗಳೂರಿನಲ್ಲಿ ಕಂಪನಿಯ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡಿದ್ದ ಟಿಪ್ಪುವಿನ ಹೆಸರು ಇರಲಿಲ್ಲ. ಸಾಲದ್ದಕ್ಕೆ, ಟಿಪ್ಪುವಿನ ಕೈಯಲ್ಲಿದ್ದ ಬಾಲಾಘಾಟ್ ಸೀಮೆ ಮುಂದೆಂದಾದರೂ ಕಂಪನಿಯ ವಶಕ್ಕೆ ಬಂದರೆ ನಿಜಾಮನಿಗೆ ಹಿಂದೆ ಕೊಟ್ಟ ಮಾತು ನಡೆಸುತ್ತೇವೆ ಎಂಬ ಸೂಚನೆಯೂ ಇತ್ತು. ಕಂಪನಿಯಲ್ಲೇ ರಾಯಭಾರದ ಕೆಲಸ ಮಾಡಿ ಪಳಗಿದ್ದ ಜಾನ್ ಮಾಲ್ಕಂ ಮುಂದೆ ಈ ಪತ್ರವನ್ನು ತಪ್ಪೆಂದೇ ಬಗೆದ: ಬಹಿರಂಗವಾಗಿ ರಕ್ಷಣಾ ಒಪ್ಪಂದ ಮಾಡಿಕೊಂಡಿದ್ದರೂ ಟಿಪ್ಪು ಇಷ್ಟು ಕೆರಳುತ್ತಿರಲಿಲ್ಲ ಎಂಬುದು ಅವನ ವಾದ. ಅವನು ಹೇಳಿದ್ದು ಸರಿ ಎಂದೇ ನನಗೂ ಅನಿಸುತ್ತದೆ. ಯುದ್ಧ ತಡೆಯಲು ಮಾಡಿದ ಕಾಯ್ದೆಯನ್ನು ಮುರಿಯದೆ ಯುದ್ಧಕ್ಕೆ ದಾರಿ ಮಾಡಿದ ಪತ್ರ ಅದು.

ಇತ್ತ ಟಿಪ್ಪು ತನ್ನ ರಾಯಭಾರಿಗಳನ್ನು ದೂರ ದೂರಕ್ಕೆ ಕಳುಹಿಸಿದ್ದ. 1786ರಲ್ಲಿ ಒಂದು ತಂಡ ಇಸ್ತಾಂಬುಲ್‌ಗೆ ಹೊರಟಿತು. ಇನ್ನೊಂದು ತಂಡಕ್ಕೆ 1788ರ ಆಗಸ್ಟಿನಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿ ದರ್ಶನ ಕೊಟ್ಟ. ಸಾಲದಲ್ಲಿ ಮುಳುಗಿದ್ದ ಆ ದೊರೆ ಉಪಚಾರ ಮಾಡಿದ, ಸೈನ್ಯ ಕೊಡಲಿಲ್ಲ. ಅದೇ ಹೊತ್ತಿನಲ್ಲಿ ಪುಣೆ, ಹೈದರಾಬಾದುಗಳ ಜೊತೆ ಮುನಿಸು ಹಾಗೆಯೇ ಇತ್ತು. 1787ರ ಗಜೇಂದ್ರಗಡದ ಒಪ್ಪಂದ ಕಾದಾಟ ನಿಲ್ಲಿಸಿತೇ ಹೊರತು ವಿಶ್ವಾಸ ಹುಟ್ಟಿಸಲಿಲ್ಲ. ಪಕ್ಕದ ಮನೆಯವರ ಜೊತೆ ಮಾತು ಬಿಟ್ಟು ಸಾವಿರ ಹರದಾರಿ ಆಚೆ ನೆಂಟಸ್ತನ ಹುಡುಕಿದಂತಾಯಿತು. ಟಿಪ್ಪುವಿನ ಧೈರ್ಯವನ್ನು ಮೆಚ್ಚುವ ನಾವು ಈ ದೊಡ್ಡ ತಪ್ಪನ್ನೂ ಮರೆಮಾಚಬಾರದು.

ಕಿಡಿ ಹತ್ತಿದ್ದು ತಿರುವಾಂಕೂರಿನಲ್ಲಿ. ಅಲ್ಲಿನ ರಾಜ 1789ರಲ್ಲಿ ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯಕೋಟೆಗಳನ್ನು ಕೊಂಡ. ಅವು ತನ್ನ ಸಾಮಂತನಾದ ಕೊಚ್ಚಿ ರಾಜನವು, ಮಾರಲು ಡಚ್ಚರು ಯಾರು ಎಂಬುದು ಟಿಪ್ಪುವಿನ ತಕರಾರು. ಪಂಚಾಯಿತಿ ಕೂರಿಸಿ ಬಗೆಹರಿಸಬಹುದಾದ ಗಡಿ ವ್ಯಾಜ್ಯ ಇದು. ಆದರೆ ಡಿಸೆಂಬರ್ 29ರಂದು ಟಿಪ್ಪುವಿನ ಸೈನ್ಯ ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದು, ಪೆಟ್ಟು ತಿಂದು ಹಿಂದಿರುಗಿತು. ತನ್ನ ಅಪ್ಪಣೆಯಿಲ್ಲದೆ ನಡೆದ ಘಟನೆ ಎಂದು ಅವನು ಮದರಾಸಿಗೆ ಬರೆದ, ಯಾರೂ ನಂಬಲಿಲ್ಲ. ಮಂಗಳೂರಿನ ಒಪ್ಪಂದದಲ್ಲೇ ತಿರುವಾಂಕೂರು ಕಂಪನಿಯ ಮಿತ್ರರಾಜ್ಯವಾಗಿತ್ತು. 1790ರ ಜೂನ್, ಜುಲೈ ತಿಂಗಳಲ್ಲಿ ಪೇಶ್ವೆಯೂ ನಿಜಾಮನೂ ಕಂಪನಿಯ ಜೊತೆ ಸಹಿ ಹಾಕಿದರು.

ಮಾತುಕತೆಯ ಬಾಗಿಲು ನಿಜವಾಗಿ ಮುಚ್ಚಿದ್ದು ಈ ಸಹಿಗಳಿಂದ. ಗೆದ್ದದ್ದನ್ನು ಮೂವರೂ ಹಂಚಿಕೊಳ್ಳಬೇಕು, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಸಂಧಿ ಮಾಡಿಕೊಳ್ಳುವಂತಿಲ್ಲ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿದ್ದಿತು. ಟಿಪ್ಪು ಚನ್ನಪಟ್ಟಣದ ದಾರಿ ಕಾಯುತ್ತಿರುವುದನ್ನು ತಿಳಿದು ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ, ಅಂದರೆ ಇಂದಿನ ಕನಕಪುರದ, ದಾರಿ ಹಿಡಿದ. ಶತ್ರುವಿಗೆ ಮೇವು, ಧಾನ್ಯ, ನೆರಳು ಸಿಗದಿರಲೆಂದು ಆ ಊರನ್ನು ಟಿಪ್ಪುವೇ ಹಾಳುಗೆಡವಿದ. ಒಂದು ಸಲವಲ್ಲ, ಎರಡು ಸಲ ಆ ಊರಿಗೆ ಈ ಗತಿಯಾಯಿತೆಂದು ಗೆಜೆಟಿಯರ್ ದಾಖಲಿಸಿದೆ. ತಿರುವಾಂಕೂರಿನ ಎರಡು ಕೋಟೆ ಯಾರಿಗೆ ಸೇರಬೇಕೆಂಬ ಜಗಳಕ್ಕೂ ಕಾನಕಾನಹಳ್ಳಿಯ ಒಕ್ಕಲಿಗೂ ಏನು ಸಂಬಂಧ? ಅವನ ಕಣಜಕ್ಕೆ ಬೆಂಕಿ ಬಿದ್ದದ್ದನ್ನು ಯಾವ ಒಪ್ಪಂದದ ಕಾಗದವೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಮಳೆ, ಹಸಿವು, ಎತ್ತುಗಳ ಸಾವು ಕಾರ್ನ್‌ವಾಲಿಸನನ್ನು ಕಂಗೆಡಿಸಿದವು. ದೊಡ್ಡ ತೋಪುಗಳನ್ನು ತಾನೇ ಒಡೆಸಿ ಬೆಂಗಳೂರಿಗೆ ಮರಳಿದ. ಇಬ್ಬರೂ ದಣಿದಿದ್ದರು. ಟಿಪ್ಪು ಬಿಳಿ ಬಾವುಟದೊಡನೆ ಹಣ್ಣಿನ ಬುಟ್ಟಿಗಳನ್ನು ಕಳುಹಿಸಿದ, ಅವು ವಾಪಸು ಬಂದವು. ಆಗಸ್ಟಿನಲ್ಲಿ ಅಪ್ಪಾಜಿರಾಯನೆಂಬ ವಕೀಲನನ್ನು ಸಂಧಾನಕ್ಕೆ ಕಳುಹಿಸಿದ. ಬಂದ ಕಾರ್ಯವನ್ನು ಕಾರ್ನ್‌ವಾಲಿಸನಿಗೇ ಹೇಳುತ್ತೇನೆಂದು ವಕೀಲ, ಮಿತ್ರರನ್ನು ಬಿಟ್ಟು ಮಾತಿಲ್ಲವೆಂದು ಕಂಪನಿ. ಭೇಟಿಯೇ ಆಗದೆ ಅವನು ಹಿಂದಿರುಗಿದ. ಸಾವನದುರ್ಗದ ಮುತ್ತಿಗೆಗೆ ಆಗ ಇನ್ನು ನಾಲ್ಕು ತಿಂಗಳು. ಮರುವರ್ಷ ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ. ಅವನ ಇಬ್ಬರು ಎಳೆಯ ಮಕ್ಕಳು ಅಷ್ಟರಲ್ಲೇ ಒತ್ತೆಯಾಳುಗಳಾಗಿ ಶತ್ರುವಿನ ಪಾಳೆಯ ಸೇರಿದ್ದರು.

ಏಳು ವರ್ಷದ ಮೇಲೆ ಇದೇ ಆಟ ಇನ್ನೂ ಬಿರುಸಾಗಿ ನಡೆಯಿತು. 1799ರ ಜನವರಿಯಲ್ಲಿ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿ ಟಿಪ್ಪುವಿಗೆ ಬರೆದ ಪತ್ರ, ಕೈಸೇರಿದ ಒಂದೇ ದಿನದಲ್ಲಿ ಉತ್ತರ ಕೊಡಬೇಕೆಂದು ಗಡುವಿಟ್ಟಿತು. 1914ರ ಜುಲೈನಲ್ಲಿ ಆಸ್ಟ್ರಿಯಾ ಸರ್ಬಿಯಾಕ್ಕೆ 48 ಗಂಟೆ ಕೊಟ್ಟು ಜಗತ್ತನ್ನೇ ಮಹಾಯುದ್ಧಕ್ಕೆ ನೂಕಿತಲ್ಲ, ಇಲ್ಲಿ ಅಷ್ಟು ಗಂಟೆಯೂ ಇರಲಿಲ್ಲ. ಟಿಪ್ಪು ತಡಮಾಡಿದ. ಕೊನೆಗೆ, ತಾನು ಬೇಟೆಗೆ ಹೊರಟಿರುವುದಾಗಿಯೂ ದೂತ ಮೇಜರ್ ಡವ್ಟನ್ ಹೆಚ್ಚು ಪರಿವಾರವಿಲ್ಲದೆ ಬರಬಹುದೆಂದೂ ಬರೆದ. ಆ ಉತ್ತರ ಮುಟ್ಟುವ ಮೊದಲೇ ದಂಡು ಹೊರಡಿಸುವ ಆಜ್ಞೆಯಾಗಿತ್ತು. ಜನರಲ್ ಹ್ಯಾರಿಸ್ ಮತ್ತೆ ಕಾನಕಾನಹಳ್ಳಿ ಮಾರ್ಗದಲ್ಲೇ ಮಳವಳ್ಳಿಗೆ ಇಳಿದ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಹತನಾದ.

ಮರುವರ್ಷ, 1800ರಲ್ಲಿ, ಕಾಡು ಕವಿದ ಹೆದ್ದಾರಿಗೆ ಭದ್ರತೆ ಬೇಕೆಂದು ದಿವಾನ್ ಪೂರ್ಣಯ್ಯ ರಾಮಗಿರಿಯ ಹತ್ತಿರ ಒಂದು ಪೇಟೆ ಕಟ್ಟಿಸಿದರು. ಮೈಸೂರಿನ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನ ಕ್ಲೋಸ್‌ಪೇಟೆ ಅದು, ಇಂದಿನ ರಾಮನಗರ. ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಈಗಲೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕ್ಲೋಸ್ ಇಲ್ಲಿಂದ ಪುಣೆಗೆ ರೆಸಿಡೆಂಟಾಗಿ ಹೋದ. 1802ರ ಡಿಸೆಂಬರ್ 31ರಂದು ಪೇಶ್ವೆ ಎರಡನೆಯ ಬಾಜೀರಾಯನಿಂದ ವಸಾಯಿಯ ಒಪ್ಪಂದಕ್ಕೆ ಸಹಿ ಪಡೆದ. ಪೇಶ್ವೆಯ ರಕ್ಷಣೆಗೆಂದು ಮಾಡಿದ ಆ ಒಪ್ಪಂದವನ್ನು ಸಿಂಧ್ಯ, ಭೋಂಸ್ಲೆ ಒಪ್ಪಲಿಲ್ಲ. 1789ರ ಪಟ್ಟಿಯಲ್ಲಿ ಕಂಪನಿಯ ಸ್ನೇಹಿತರೆಂದು ನಮೂದಾಗಿದ್ದವು ಇವೇ ಮನೆತನಗಳು. 1803ರ ಎರಡನೆಯ ಮರಾಠಾ ಯುದ್ಧದಲ್ಲಿ ಅವರ ಮೇಲೆ ಬಿದ್ದ ಸೈನ್ಯದಲ್ಲಿ, ಪೂರ್ಣಯ್ಯ ಕಳುಹಿಸಿದ ಮೈಸೂರಿನ ಕುದುರೆ ಸವಾರರೂ ಇದ್ದರು.